ಅಜೀಮನ ಬಾಯಿಂದ

ತಂದೆ ಸನಾಉಲ್ಲಾನ ಕಫನಿನ ಕೊನೆಯ ಗಂಟು ಕಟ್ಟಿ ಎದ್ದ ಆಸೀಫನ ಮೊಣಕೈಯನ್ನು ತಾಯಿ ಮದರಬೀ ಹಿಡಿದಳು.

"ಖಾನಾಪುರದಿಂದ ಅಜೀಮಭಾಯ್ ಬಂದಾರೇನು?"

"ಬಸ್ ಹತ್ಯಾರಂತ, ಅಮ್ಮಾ. ಸೀದಾ ಮಸೂತಿಗೆ ಬರ್ತಾರ."

"ನಿಮ್ಮ ಅಬ್ಬಾ ಕಡೀ ವಾರ ಅದೊಂದ ಹೇಳಿದ್ರು. ಊರೆಲ್ಲ ಮಾಫ್ ಅಂದ್ರೂ ಸಾಲಂಗಿಲ್ಲ, ಅಂವ ತನ್ನ ಬಾಯಿಂದ ಅನ್ನಬೇಕು ಅಂತ. ಕೇಳಿಸ್ಕೊಂಡ ಬಾ."

ಅನಗೋಳದ ಆ ಓಣಿಯಲ್ಲಿ ನೆರೆದವರು ಸನಾಉಲ್ಲಾನ ಒಳ್ಳೆಯತನವನ್ನೇ ಆಡುತ್ತಿದ್ದರು. ಮೂವತ್ತು ವರ್ಷ ಖಾನಾಪುರದಲ್ಲಿ ಮರದ ಕೆಳಗೆ ಕೂತು ಜನರ ಅರ್ಜಿ ಬರೆದುಕೊಟ್ಟ ಮನುಷ್ಯ. ಬಡವರು ಬಂದರೆ ಕಾಗದವೂ ಅವನದೇ. ಆದರೆ ಎಲ್ಲರ ಮಾತೂ ಕಡೆಗೆ ಅವನ ಕತೆಯ ಮೇಲೆ ತೆಗೆದ ಸಿನಿಮಾಕ್ಕೇ ಬಂದು ನಿಲ್ಲುತ್ತಿತ್ತು.

"ಕಾಕಾನ ಸಿನಿಮಾ ನಾಕ ಸರ್ತಿ ನೋಡೇನ್ರಿ," ಎಂದ ಬಾಜೂ ಮನೆಯ ಯಲ್ಲೇಶ. "ಆ ತೊದಲೂದು ಬಂತಂದ್ರ ಹೊಟ್ಟಿ ಹಿಡ್ಕೊಂಡ ನಗೂದು."

*

ಸನಾಉಲ್ಲಾ ಜೀವನದಲ್ಲಿ ಬರೆದದ್ದು ಒಂದೇ ಕತೆ. ಮಾತು ತೊದಲುವ ಒಬ್ಬ, ಮನೆಯ ಹಕ್ಕಿನ ಕಾಗದ, ಉತಾರ, ಕೇಳಲು ಕಚೇರಿಗೆ ಹೋಗುತ್ತಾನೆ. ಅವನು ಮಾತು ಮುಗಿಸುವ ಮೊದಲೇ ಒಬ್ಬೊಬ್ಬ ಗುಮಾಸ್ತನೂ ತನಗೆ ತೋಚಿದಂತೆ ಮುಗಿಸಿ ಸಿಕ್ಕಾ ಒತ್ತುತ್ತಾನೆ. ಹೀಗೆ ಅವನ ಕೈಗೆ ಎಮ್ಮೆ ಸತ್ತ ಪಂಚನಾಮೆ ಬರುತ್ತದೆ, ಬಂದೂಕಿನ ಲೈಸೆನ್ಸು ಬರುತ್ತದೆ, ಕಡೆಗೆ ವಿಧವಾ ವೇತನವೂ ಮಂಜೂರಾಗುತ್ತದೆ. ನಗೆಯೆಲ್ಲ ಗುಮಾಸ್ತರ ಮೇಲೆ.

ಕೀಲಿ ರಿಪೇರಿಯ ಅಜೀಮ ಸನಾಉಲ್ಲಾನ ಗೆಳೆಯ, ತೊದಲುವವನು. ಆ ಕತೆಯನ್ನು ಅವನ ಅಂಗಡಿಯಲ್ಲೇ ಓದಿದಾಗ ಅಜೀಮ ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಬ... ಬ... ಬರೋಬರಿ ಬರದಿ," ಎಂದಿದ್ದ.

ಇಪ್ಪತ್ತು ವರ್ಷದ ಮೇಲೆ ಸಿನಿಮಾದವರು ಬಂದರು. ನಟನ ತೊದಲು ಖರೇ ಅನಿಸಲಿಲ್ಲವೆಂದು ಸನಾಉಲ್ಲಾ ತಾನೇ ಅವನನ್ನು ಕರೆದೊಯ್ದು ಅಜೀಮನ ಅಂಗಡಿಯಲ್ಲಿ ಎಂಟು ದಿನ ಕೂರಿಸಿದ. ಅಜೀಮ ದಿನಾ ಚಹಾ ತರಿಸಿದ. ನಟ ಎಲ್ಲ ಕಲಿತ: ಕುತ್ತಿಗೆ ಎತ್ತುವುದು, ಕಣ್ಣು ಮುಚ್ಚುವುದು, ತುಟಿ ನಡುಗುವುದು. ಆಮೇಲೆ ನಿರ್ದೇಶಕರು, ಇಷ್ಟೆಲ್ಲ ಕಚೇರಿ ಯಾರು ನೋಡುತ್ತಾರೆಂದು ಗುಮಾಸ್ತರನ್ನು ಕತ್ತರಿಸಿ ಹಾಕಿದರು. ತೊದಲು ಮಾತ್ರ ಉಳಿಯಿತು.

ಬಸ್‌ಸ್ಟ್ಯಾಂಡಿನ ಆಟೋದವರು, ಸಿನಿಮಾ ತೆರೆಗೆ ಬಂದ ಮೇಲೆ, ಅಜೀಮನನ್ನು ಕಂಡರೆ ಸಾಕು, ಕುತ್ತಿಗೆ ಎತ್ತಿ ಕಣ್ಣು ಮುಚ್ಚುತ್ತಿದ್ದರು. ಅಜೀಮ ಮಾತೇ ಬಿಟ್ಟ. ಗಿರಾಕಿಗಳಿಗೆ ರೇಟನ್ನೂ ಬೆರಳೆಣಿಸಿ ತೋರಿಸುತ್ತಿದ್ದ. ಸನಾಉಲ್ಲಾ ಎರಡು ಸಲ ಹೋಗಿ ಎದುರು ಕೂತ. ಎರಡು ಸಲವೂ ಅಜೀಮ ತಲೆಯೆತ್ತದೆ ಕೀಲಿ ಉಜ್ಜುತ್ತಲೇ ಇದ್ದ.

*

ಜನಾಜಾದ ನಮಾಜಿಗೆ ಮುಂಚೆ, ರೂಢಿಯಂತೆ, ಆಸೀಫ ಸಾಲುಗಳ ಎದುರು ನಿಂತ.

"ನಮ್ಮ ಅಬ್ಬಾನ ಮಾತಿನಿಂದ ಯಾರಿಗರೆ ನೋವಾಗಿದ್ರ, ಅಲ್ಲಾನ ಸಲುವಾಗಿ ಮಾಫ್ ಮಾಡ್ರಿ."

ಮಾಫ್ ಮಾಡೇವಿ ಎಂದು ಸಾಲುಗಳು ಗೊಣಗಿದವು. ಆಸೀಫ ಕದಲಲಿಲ್ಲ. ಎರಡನೆಯ ಸಾಲಿನ ತುದಿಯಲ್ಲಿ ಅಜೀಮ ನಿಂತಿದ್ದ.

"ಚಾಚಾ, ನೀವು?"

ಅಜೀಮ ಕುತ್ತಿಗೆ ಎತ್ತಿದ. ಕಣ್ಣು ಮುಚ್ಚಿದ. ಒಂದೂವರೆ ವರ್ಷದ ಮೇಲೆ ಆ ಗಂಟಲಿನಿಂದ ದನಿ ಹೊರಟಿತು.

"ನಾ... ನಾ... ನಾ..."

ಹಿಂದಿನ ಸಾಲಿನಲ್ಲಿ ಯಾರಿಗೋ ನಗು ತಡೆಯಲಿಲ್ಲ. ಮೂಗಿನಿಂದ ಬಂದದ್ದು ಬಾಜೂದವನಿಗೆ ಹತ್ತಿತು, ಅವನಿಂದ ಇನ್ನೊಬ್ಬನಿಗೆ. ಅದು ಇಡೀ ಸಾಲಿಗೆ ಹಬ್ಬೀತೆಂದು ಆಸೀಫ ಹೆದರಿದ.

"ಆತು ಚಾಚಾ, ತಿಳೀತು. ಮಾಫ್ ಮಾಡ್ಯಾರ," ಎಂದು ಅವಸರದಿಂದ ಹೇಳಿ ಬದಿಗೆ ಸರಿದ.

ಇಮಾಮರು ಮುಂದೆ ಬಂದು ತಕ್ಬೀರ್ ಹೇಳಿದರು. ಎಲ್ಲರ ಕೈಗಳೂ ಕಿವಿಯವರೆಗೆ ಎದ್ದು ಹೊಟ್ಟೆಯ ಮೇಲೆ ಕಟ್ಟಿಕೊಂಡವು. ಎರಡನೆಯ ಸಾಲಿನ ತುದಿಯಲ್ಲಿ ಮಾತ್ರ ಎರಡು ಕೈಗಳು ಬಾಯಿಯನ್ನು ಒತ್ತಿ ಹಿಡಿದಿದ್ದವು.