ಪಾಚಿ ಕಟ್ಟಿದ ಕಟ್ಟೆ

ಊನಾ ನದಿಯ ದಡದಲ್ಲಿ ಮ್ಲಾಡೆನನಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಊರ ಸಮಿತಿಯ ಅಧ್ಯಕ್ಷನಾದ ಮೊದಲ ಬೇಸಿಗೆಯಲ್ಲೇ ಅವನ ಕಣ್ಣು ತನ್ನ ಹೋಟೆಲಿನ ಎದುರಿನ ಜಲಪಾತದ ಮೇಲೆ ಬಿತ್ತು. ಅದರ ನೆತ್ತಿಯ ಕಟ್ಟೆಯ ತುಂಬ ಪಾಚಿ, ಕೊಳೆತ ವಿಲೋ ಮರದ ಕಡ್ಡಿ. ಬಂದವರು ಫೋಟೋ ತೆಗೆದರೆ ಊರಿನ ಮಾನ ಏನಾಗಬೇಕು?

ತಂತಿ ಬ್ರಷ್ ಹಿಡಿದ ನಾಲ್ಕು ಆಳುಗಳೊಂದಿಗೆ ಅವನು ನೀರಿಗಿಳಿದಾಗ ಪಕ್ಕದ ಹಿಟ್ಟಿನ ಗಿರಣಿಯಿಂದ ಸ್ಟಾನಾ ಹೊರಬಂದಳು. ಅವನ ದೊಡ್ಡಪ್ಪನ ಹೆಂಡತಿ, ಎಪ್ಪತ್ತೊಂದರ ವಿಧವೆ. ಆ ಕಟ್ಟೆ ತಡೆದ ನೀರೇ ಅವಳ ಬೀಸುಕಲ್ಲನ್ನು ತಿರುಗಿಸುತ್ತಿತ್ತು. ಪ್ರತಿ ಶರತ್ಕಾಲದಲ್ಲಿ ನೀರಿಳಿದಾಗ ವಿಲೋ ಕಡ್ಡಿಯ ಹೊರೆಗೆ ಪಾಚಿ ಹೊದಿಸಿ ಕಟ್ಟೆಯ ಅಂಚಿಗೆ ಸಿಕ್ಕಿಸುವುದು ಗಿರಣಿಯವರ ಪದ್ಧತಿ. ಪಾಚಿಯ ಮೇಲೆ ನೀರಿನಲ್ಲಿ ಕರಗಿದ ಸುಣ್ಣ ಕೂತು ಕಲ್ಲಾಗುತ್ತದೆ, ಅದರ ಮೇಲೆ ಮತ್ತೆ ಪಾಚಿ. ಊರಿನ ಮನೆಗಳೆಲ್ಲ ಅದೇ ಹಗುರ ಕಲ್ಲಿನವು. ಮ್ಲಾಡೆನ್ ಹುಟ್ಟಿದ ಕೋಣೆಯ ಗೋಡೆಯಲ್ಲೂ ಎಲೆಗಳ ಅಚ್ಚಿದೆ, ನೋಡುವ ಕಣ್ಣಿದ್ದರೆ.

"ಮುಟ್ಬೇಡ್ವೋ ಅದನ್ನ! ಆ ಕಟ್ಟೆ ಕಟ್ಟಿದ್ದೇ ಪಾಚಿ."

"ದೊಡ್ಡಮ್ಮಾ, ಪಾಚಿ ಗಾರೆ ಕೆಲಸ ಯಾವಾಗ ಕಲೀತು? ಸಿಮೆಂಟ್ ಹಾಕಿಸ್ತೀನಿ, ನೂರು ವರ್ಷ ಅಲ್ಲಾಡಲ್ಲ."

"ನಿನಗಿಂತ ಆ ಪಾಚಿಗೇ ಬುದ್ಧಿ ಜಾಸ್ತಿ ಕಣೋ."

ಆಳುಗಳು ನಕ್ಕರು. ಮ್ಲಾಡೆನ್ ನಗಲಿಲ್ಲ, ಅಧ್ಯಕ್ಷರು ನಗಬಾರದಲ್ಲ. ಎರಡೇ ದಿನಕ್ಕೆ ಕಟ್ಟೆ ಬೋಳಿಸಿದ ತಲೆಯಂತೆ ಮಿಂಚಿತು. ಅದರ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಅವನ ಹೆಸರು.

ವಸಂತದ ನೆರೆ ಆ ಹೆಸರು ಓದುವ ಗೋಜಿಗೆ ಹೋಗಲಿಲ್ಲ. ಸಿಮೆಂಟಿನ ಅಡಿಯ ಬೋಳು ಕಲ್ಲನ್ನು ಎರಡು ಮೊಳ ಆಳಕ್ಕೆ ಕಿತ್ತು, ನದಿಯನ್ನೇ ಆಚೆ ದಡದ ಕಡೆಗೆ ಹೊರಳಿಸಿತು. ಹೋಟೆಲಿನೆದುರು ಜಲಪಾತವಿದ್ದಲ್ಲಿ ಉಳಿದದ್ದು ಒಣ ಗೋಡೆ. ಗಿರಣಿಯ ಕಾಲುವೆಯಲ್ಲಿ ಕಪ್ಪೆಗೂ ನೀರಿಲ್ಲ. ಐವತ್ತು ವರ್ಷ ಕೇಳಿದ ಬೀಸುಕಲ್ಲಿನ ಸದ್ದು ನಿಂತ ಬೆಳಿಗ್ಗೆ ಸ್ಟಾನಾ ಮೆಕ್ಕೆಜೋಳದ ಮೂಟೆಯ ಮೇಲೆ ಕೂತು ಅತ್ತಳು. ಆಮೇಲೆ ಮನಸಾರೆ ಬೈದಳು.

ಶರತ್ಕಾಲದಲ್ಲಿ ನೀರಿಳಿಯಿತು. ಮುರಿದ ಅಂಚಿನಲ್ಲಿ ಹೊರೆ ಸಿಕ್ಕಿಸುತ್ತಿದ್ದವಳ ಬಳಿಗೆ ಮ್ಲಾಡೆನ್ ತಲೆ ತಗ್ಗಿಸಿಕೊಂಡು ಬಂದ.

"ದೊಡ್ಡಮ್ಮಾ, ಎಷ್ಟು ದಿನಕ್ಕೆ ಸರಿಹೋಗತ್ತೆ?"

"ದಿನ ಅಂತೆ! ವರ್ಷಕ್ಕೆ ಒಂದು ಬೆರಳು ದಪ್ಪ. ಎರಡು ಮೊಳಕ್ಕೆ ಎಷ್ಟಾಯ್ತು ನೀನೇ ಹೇಳು, ಅಧ್ಯಕ್ಷ ಅಲ್ವಾ?"

ಬೆರಳು ಮಡಿಸತೊಡಗಿದವನು ಅವಳ ಮುಖ ನೋಡಿ ನಿಲ್ಲಿಸಿದ. "ಮತ್ತೆ ಈ ವಯಸ್ಸಲ್ಲಿ ನೀವ್ಯಾಕೆ..."

"ನಿನ್ನ ಮೊಮ್ಮಕ್ಕಳು ರೊಟ್ಟಿ ತಿನ್ಬೇಡ್ವಾ? ಸಿಮೆಂಟ್ ತಿಂತಾವಾ? ಪ್ಯಾಂಟ್ ಮಡಚ್ಕೊಂಡು ಇಳಿ."

ಅವನು ಇಳಿದು ಹೊರೆ ಹಿಡಿದ, ಅದೂ ತಲೆಕೆಳಗಾಗಿ.

"ಪಾಚಿ ಮೇಲಕ್ಕೋ, ಪೆದ್ದೇ," ಎಂದಳು ಸ್ಟಾನಾ. ಹೊರೆಯನ್ನು ತಾನೇ ತಿರುಗಿಸಿ ಮತ್ತೆ ಅವನ ಕೈಗಿಟ್ಟಳು.