ಕಮಟು ಹಿಡಿಯದ ಬೆಣ್ಣೆ

ಬೇಸಿಗೆ ಕಾಲಿಟ್ಟ ವಾರದಲ್ಲೇ ಬೇಕರಿಯವನು ಬೆಣ್ಣೆಯ ಡಬ್ಬಿಗಳನ್ನು ವಾಪಸು ತಂದ. ಜಗಳಕ್ಕೆ ಬಂದವನಲ್ಲ, ಹಳೆಯ ಗಿರಾಕಿ. ಒಂದು ಡಬ್ಬಿಯ ಮುಚ್ಚಳ ತೆಗೆದು ಬೆಣ್ಣೆಯವರ ಮೂಗಿನ ಕೆಳಗೆ ಹಿಡಿದ, ಅಷ್ಟೇ.

"ಮೂಸಿ ನೋಡಿ ಯಜಮಾನ್ರೇ."

ಬೆಣ್ಣೆಯವರು ಮೂಸಿದರು. ಕಮಟು. ಹಳೆಯ ಎಣ್ಣೆ ಬಾಣಲೆಯ ತಳ ಹಿಡಿದಾಗ ಬರುತ್ತದಲ್ಲ, ಅದೇ ವಾಸನೆ. ಅವರ ಮುಖ ಸಪ್ಪಗಾಯಿತು. ಬೆಳಕು ಹರಿಯುವ ಮೊದಲೇ ಎದ್ದು ಕೆನೆ ಕಡೆದು, ತಣ್ಣೀರಿನಲ್ಲಿ ಬೆಣ್ಣೆ ತೊಳೆದು, ಉಪ್ಪು ಬೆರೆಸಿ ನಾದಿ, ಡಬ್ಬಿ ತುಂಬುವುದರಲ್ಲಿ ಅರ್ಧ ಆಯುಸ್ಸು ಕಳೆದವರು ಅವರು. ಬೀದಿಯವರೆಲ್ಲ 'ಬೆಣ್ಣೆಯವರು' ಎಂದು ಕರೆದೂ ಕರೆದೂ ಅವರ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ನೆನಪಿತ್ತು.

ಮನೆಯಲ್ಲಿದ್ದವರು ಅವರು ಮತ್ತು ಮಗಳು, ಇಬ್ಬರೇ. ಹೆಂಡತಿ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಮಗಳು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದಳು. ಆ ಸಂಜೆ ಅವಳು ಡಬ್ಬಿ ಮೂಸಿ, "ಕೊಬ್ಬಿಗೆ ಗಾಳಿ ತಾಗಿದೆ ಅಪ್ಪ. ಸೆಕೆಗೆ ಬೇಗ ಕೆಟ್ಟಿದೆ" ಎಂದಳು. ಬೆಣ್ಣೆ ಕೆಡದಂತೆ ದೊಡ್ಡ ಕಂಪನಿಗಳು ಚಿಟಿಕೆಯಷ್ಟು ಹಾಕುವ ಪದಾರ್ಥವೊಂದರ ಹೆಸರನ್ನು ಮೊಬೈಲಿನಲ್ಲಿ ತೋರಿಸಿದಳು. ಬೆಣ್ಣೆಯವರು ಕನ್ನಡಕ ಏರಿಸಿಕೊಂಡು ಓದಲು ಹೊರಟರು. ಎರಡನೆಯ ಪದಕ್ಕೇ ನಾಲಿಗೆ ಎಡವಿತು.

"ಇದನ್ನ ಪೂರ್ತಿ ಹೇಳೋ ಹೊತ್ತಿಗೆ ಬೆಣ್ಣೆ ಕರಗಿ ನೀರಾಗುತ್ತೆ!"

"ವಿಷ ಏನಲ್ಲ ಅಪ್ಪ. ಅಳತೆ ಮೀರದೆ ಹಾಕಿದ್ರೆ ಏನೂ ಆಗಲ್ಲ."

"ವಿಷ ಅಂತ ನಾನೆಲ್ಲಿ ಅಂದೆ? ನನ್ನ ಬಾಯಲ್ಲಿ ಹೊರಳದೇ ಇರೋದನ್ನ ಊರವರ ಬಾಯಿಗೆ ಹಾಕೋದು ಬೇಡ ಅಂದೆ."

ಹಟ ಹಿಡಿದರೆ ಬೆಣ್ಣೆಯವರು ಬಂಡೆ. ಮಗಳು ಮೊಬೈಲನ್ನು ಎತ್ತಿಟ್ಟಳು.

ಎದುರು ಸಾಲಿನಲ್ಲಿ ಗಿಡಮೂಲಿಕೆಯ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವಳು ಬೇರಮ್ಮ. ಆ ಹೆಸರೂ ಬೀದಿಯೇ ಕೊಟ್ಟದ್ದು. ಐವತ್ತರ ಆಸುಪಾಸಿನ, ಮದುವೆಯ ಗೊಡವೆಗೇ ಹೋಗದ, ಮಾತಿಗೆ ನಿಂತರೆ ಗಡಿಯಾರವನ್ನೂ ಸೋಲಿಸುವ ಹೆಂಗಸು. ಕೆಮ್ಮಿದವರಿಗೆ ಒಂದು ಕಡ್ಡಿ, ಸೀನಿದವರಿಗೆ ಒಂದು ಎಲೆ, ನಿದ್ದೆ ಬಾರದವರಿಗೆ ಒಂದು ಬೇರು, ನಿದ್ದೆ ಹೆಚ್ಚಾದವರಿಗೆ ಎರಡು ಬೈಗುಳ. ದಿನಾ ಬೆಳಿಗ್ಗೆ ಬೆಣ್ಣೆಯವರ ಹತ್ತಿರ ಒಂದು ಲೋಟ ಮಜ್ಜಿಗೆ ಕುಡಿದು, ಬದಲಿಗೆ ಚಹಾಕ್ಕೆಂದು ನಾಲ್ಕು ಪುದೀನ ಎಲೆ ಕೊಟ್ಟುಹೋಗುವುದು ಅವಳ ರೂಢಿ.

ಬೆಣ್ಣೆಯ ಕತೆ ಕೇಳಿದವಳೇ ಸೊಂಟಕ್ಕೆ ಕೈಯಿಟ್ಟಳು. "ಇಷ್ಟಕ್ಕೆ ಮುಖ ಹೀಗೆ ಮಾಡ್ಕೊಂಡಿದ್ದೀರಾ? ನಮ್ಮಜ್ಜಿ ಕಾಲದ ಪುಡಿ ಇದೆ. ಎಂಥದ್ದನ್ನೂ ಕೆಡೋಕೆ ಬಿಡಲ್ಲ."

ಬೆಣ್ಣೆಯವರು ನಂಬಿದರು. ಪುಡಿ ಬೆರೆಸಿದ ಬೆಣ್ಣೆ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿತು. ಆದರೂ ಆಸೆಯಿಂದ ಒಂದು ಡಬ್ಬಿ ಎತ್ತಿಟ್ಟರು. ವಾರ ತುಂಬುವುದರೊಳಗೆ ಅದರ ಮೇಲೆ ಬೂಷ್ಟು ಬಂತು. ಏನೂ ಬೆರೆಸದ ಪಕ್ಕದ ಡಬ್ಬಿ ಅದಕ್ಕಿಂತ ಚೆನ್ನಾಗಿತ್ತು.

ಮಗಳು ಪುಡಿಯನ್ನು ಕಾಲೇಜಿಗೆ ಒಯ್ದು ಪರೀಕ್ಷಿಸಿದಳು. ನೆಲದ ಮೇಲೆ ಒಣಗಿಸಿ ಕುಟ್ಟಿದ ಸೊಪ್ಪಲ್ಲವೇ, ಅದರ ಜೊತೆ ಬೂಷ್ಟಿನ ಬೀಜಾಣುಗಳೂ ಹಿಂಡು ಹಿಂಡಾಗಿ ಬಂದಿದ್ದವು. ಇದು ಗೊತ್ತಾದ ಸಂಭ್ರಮದಲ್ಲಿ ಅವಳು ಕಾಲೇಜಿನಿಂದ ನೇರ ಬೇರಮ್ಮನ ಅಂಗಡಿಗೆ ಹೋದಳು. ಅಲ್ಲಿ ಗಿರಾಕಿಗಳು ನಿಂತಿದ್ದರು. ಅದನ್ನು ಅವಳು ಗಮನಿಸಲೇ ಇಲ್ಲ.

"ಆಂಟಿ, ನಿಮ್ಮ ಪುಡಿಯಲ್ಲಿ ಮದ್ದಿಗಿಂತ ಬೂಷ್ಟೇ ಜಾಸ್ತಿ ಇದೆ!"

ಪೊಟ್ಟಣ ಕೈಗೆತ್ತಿಕೊಂಡಿದ್ದ ಗಿರಾಕಿಯೊಬ್ಬರು ಅದನ್ನು ಮೆಲ್ಲಗೆ ಕೆಳಗಿಟ್ಟರು. ಬೇರಮ್ಮನ ಮುಖ ಕೆಂಪಾಯಿತು.

"ಪಾಠ ಹೇಳೋ ಜಾಗ ಕಾಲೇಜು ಅಂತ ತಿಳ್ಕೊಂಡಿದ್ದೆ" ಎಂದಷ್ಟೇ ಹೇಳಿ ಅವಳು ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು.

ಮರುದಿನ ಅವಳು ಮಜ್ಜಿಗೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೆಣ್ಣೆಯವರು ಲೋಟ ತುಂಬಿಟ್ಟು, ಬಾಗಿಲ ಕಡೆ ನೋಡಿ, ಕೊನೆಗೆ ತಾವೇ ಕುಡಿಯುತ್ತಿದ್ದರು. ಪುದೀನವಿಲ್ಲದ ಚಹಾ ಬಿಸಿನೀರಿನಂತಿದೆ ಎಂದು ಎರಡು ಸಲ ಗೊಣಗಿದರು.

"ನೀನು ಹೇಳಿದ್ದು ನಿಜ" ಎಂದರು ಮಗಳಿಗೆ. "ಆದ್ರೆ ಹೇಳಿದ ರೀತಿ ಇದೆಯಲ್ಲ, ಗಾಯಕ್ಕೆ ಉಪ್ಪು ಸವರಿದ ಹಾಗಿತ್ತು."

"ಹಾಗಾದ್ರೆ ನೀವೇ ಹೋಗಿ ಸಮಾಧಾನ ಮಾಡಿ ಬನ್ನಿ."

"ನನಗೆ ಬೆಣ್ಣೆ ತೆಗೆಯೋದು ಗೊತ್ತೇ ಹೊರತು ಬೆಣ್ಣೆ ಹಚ್ಚೋದು ಗೊತ್ತಿಲ್ಲ ಪುಟ್ಟಿ. ಉಪ್ಪು ಸವರಿದವಳು ನೀನು, ನೀನೇ ಹೋಗು."

ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಮಗಳಿಗೆ ಅದು ಚುಚ್ಚಿತು. ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿಕೊಂಡು ಹೋದಳು. ಬೇರಮ್ಮ ತಕ್ಕಡಿಯಲ್ಲಿ ಎಲೆ ತೂಗುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನದು ತಪ್ಪಾಯ್ತು ಆಂಟಿ. ನಾಲ್ಕು ಜನರ ಮುಂದೆ ಹಾಗೆ ಹೇಳಬಾರದಿತ್ತು."

"ಮಾತು ತಪ್ಪೋ, ವಿಷಯ ತಪ್ಪೋ?"

"ಮಾತು ತಪ್ಪು. ವಿಷಯ ನಿಜ."

ಬೇರಮ್ಮ ತಕ್ಕಡಿ ಕೆಳಗಿಟ್ಟು ಅವಳನ್ನೇ ನೋಡಿದಳು. ಆಮೇಲೆ ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿದಳು. "ಕೂತ್ಕೋ. ರಾಜಿಗೋಸ್ಕರ ಸುಳ್ಳು ಹೇಳಿದ್ರೆ ಅಟ್ಟಿಬಿಡೋಣ ಅಂತಿದ್ದೆ. ಈಗ ಹೇಳು, ನಮ್ಮಜ್ಜಿ ಪುಡಿ ಪೂರ್ತಿ ದಂಡಾನಾ?"

"ಹಾಗೇನಿಲ್ಲ. ಅದರಲ್ಲಿ ಏನೇನಿದೆಯೋ ಒಂದೊಂದನ್ನೂ ಬೇರೆ ಬೇರೆ ನೋಡಬೇಕು. ಲ್ಯಾಬಿಗೆ ಬನ್ನಿ, ನಿಮ್ಮ ಕಣ್ಣಾರೆ ನೋಡುವಿರಂತೆ."

ಬೇರಮ್ಮ ಬಂದಳು. ಮಡಿಕೆ ಮುರಿಯದ ಹೊಸ ಬಟ್ಟೆ ಉಟ್ಟು, ಚೀಲದ ತುಂಬ ಪೊಟ್ಟಣ ಹೊತ್ತು, ಮಗನನ್ನು ಪರೀಕ್ಷೆಗೆ ಕರೆತಂದ ತಾಯಿಯಂತೆ ಬಂದಳು. ಮಗಳು ಒಂದೊಂದು ಸೊಪ್ಪು, ಬೇರನ್ನೂ ಬೇರೆ ಬೇರೆಯಾಗಿ ಮದ್ಯಸಾರದಲ್ಲಿ ನೆನೆಸಿ ಸೋಸಿದಳು. ಗಾಜಿನ ತಟ್ಟೆಗಳಲ್ಲಿ ಹರಡಿದ ಮೆತ್ತನೆಯ ಲೋಳೆಯ ಮೇಲೆ ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳನ್ನು ಸವರಿದಳು. ಸೋಸಿದ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅವುಗಳ ಮೇಲಿಟ್ಟು, ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಗೆ ಸೇರಿಸಿದಳು.

"ಈಗ?"

"ಈಗ ಮನೆಗೆ ಹೋಗಿ ನಿದ್ದೆ ಮಾಡೋದು. ಯಾವ ಬಿಲ್ಲೆಗೆ ಶಕ್ತಿ ಇದೆಯೋ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯಲ್ಲ. ಉಂಗುರದ ಹಾಗೆ ಖಾಲಿ ಜಾಗ ಕಾಣುತ್ತೆ."

ಮರುದಿನ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವ ಮೊದಲೇ ಬೇರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ತಟ್ಟೆಗಳು ಹೊರಬಂದವು. ಲವಂಗದ ಬಿಲ್ಲೆಯ ಸುತ್ತ ಅಗಲವಾದ, ತಿಳಿಯಾದ ಉಂಗುರ.

"ನೋಡು ನೋಡು, ಲವಂಗದ ಹತ್ತಿರ ಒಬ್ಬನೂ ಸುಳಿದಿಲ್ಲ!" ಬೇರಮ್ಮ ಕುಸ್ತಿ ನೋಡುವವಳಂತೆ ಮೇಜು ಕುಟ್ಟಿದಳು. "ಓಮ ಕೂಡ ಪರವಾಗಿಲ್ಲ. ಶುಂಠಿ ಯಾಕೋ ಸ್ವಲ್ಪ ಮೆತ್ತಗಾಯ್ತು. ಅದ್ಯಾವುದು ಆ ಮೂಲೇಲಿ?"

ಆ ಮೂಲೆಯದು ಅವಳ ಅಂಗಡಿಯಲ್ಲೇ ದುಬಾರಿಯಾದ ಬೇರು. ಗಾಜಿನ ಭರಣಿಯಲ್ಲಿ, ಮೇಲಿನ ಕಪಾಟಿನಲ್ಲಿ ಇಟ್ಟು ಮೆರೆಸಿದ್ದು. ಅದರ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿತ್ತು.

ಬೇರಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ಸಾವಕಾಶವಾಗಿ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡಳು.

"ಅಯ್ಯೋ ನನ್ನ ರಾಜಕುಮಾರ! ಇವನ ಅಂಗಳದಲ್ಲೇ ಸಂಸಾರ ಹೂಡಿದ್ದಾವಲ್ಲೇ!"

"ಬೇರು ಕೆಟ್ಟದ್ದು ಅಂತಲ್ಲ ಆಂಟಿ. ಈ ಕೆಲಸಕ್ಕೆ ಆಗಲ್ಲ, ಅಷ್ಟೇ."

"ಸಮಾಧಾನ ಹೇಳಬೇಡ. ಮೇಲಿನ ಕಪಾಟು ಇನ್ನು ಲವಂಗದ್ದು."

ಬ್ಯಾಕ್ಟೀರಿಯಾದ ಲೆಕ್ಕ ಹೀಗೆ ಬಗೆಹರಿಯಿತು. ಕಮಟಿನದು ಬೇರೆಯೇ ಕತೆ. ಗಾಳಿಯಲ್ಲಿರುವ ಆಮ್ಲಜನಕ ಕೊಬ್ಬಿಗೆ ಏಟು ಹಾಕುವುದರಿಂದ ಆ ವಾಸನೆ ಬರುತ್ತದೆ ಎಂದು ಮಗಳು ವಿವರಿಸಿದಳು. ಕೆಲವು ಸೊಪ್ಪಿನ ಸತ್ವ ತಾನೇ ಮುಂದೆ ನಿಂತು ಆ ಏಟು ತಿನ್ನುತ್ತದೆ, ಅಲ್ಲಿಯವರೆಗೆ ಕೊಬ್ಬು ಉಳಿದುಕೊಳ್ಳುತ್ತದೆ. "ದೊಡ್ಡ ಮನೆಯ ಕಾವಲುಗಾರನ ಹಾಗೆ" ಎಂದಳು ಬೇರಮ್ಮ. ಬೆಣ್ಣೆಗೆ ಒಂದೊಂದು ಸತ್ವ ಬೆರೆಸಿ ಬಿಸಿ ಪೆಟ್ಟಿಗೆಯಲ್ಲಿಟ್ಟು, ಯಾವುದು ಮೊದಲು ಕೆಡುತ್ತದೆ ಎಂದು ಕಾದರು. ಪುದೀನ ಕೊಂಚ ತಡೆಯಿತು. ಎಲ್ಲರಿಗಿಂತ ಕೊನೆಯವರೆಗೆ ನಿಂತದ್ದು ರೋಸ್ಮರಿ ಎಂಬ ಸೊಪ್ಪು.

"ಇದನ್ನ ಜನ ಕೂದಲಿಗೆ ಅಂತ ಒಯ್ತಾರೆ" ಎಂದು ಬೇರಮ್ಮ ಆಶ್ಚರ್ಯಪಟ್ಟಳು. "ಬೆಣ್ಣೆಯವರಿಗೆ ತಲೇಲಿ ಕೂದಲಿಲ್ಲ, ಬೆಣ್ಣೆಗಾದರೂ ಆಗಲಿ."

ಇನ್ನು ಉಳಿದದ್ದು ನಾಲಿಗೆಯ ಪರೀಕ್ಷೆ. ಅದು ಬೆಣ್ಣೆಯವರ ಕೆಲಸದ ಕೋಣೆಯಲ್ಲೇ, ಕೆನೆ ಕಡೆಯುವ ಯಂತ್ರದ ಪಕ್ಕದ ಉದ್ದನೆಯ ಮೇಜಿನ ಮೇಲೆ ನಡೆಯಿತು. ಬೀಜಾಣುಗಳ ಕಾಟ ಬೇಡವೆಂದು ಲವಂಗವನ್ನೂ ಎಲೆಗಳನ್ನೂ ಈ ಸಲ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದರು. ಲ್ಯಾಬಿನಲ್ಲಿ ಗೆದ್ದ ಅಳತೆಯಲ್ಲೇ ಲವಂಗ ಹಾಕಿ ಬೆರೆಸಿದ ಬೆಣ್ಣೆಯನ್ನು ಬೆಣ್ಣೆಯವರು ಬ್ರೆಡ್ಡಿಗೆ ಸವರಿ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿ ಕಣ್ಣುಮುಚ್ಚಿದರು.

"ಹೇಗಿದೆ?" ಎಂದರು ಇಬ್ಬರೂ.

"ಹಲ್ಲು ಕೀಳಿಸಿಕೊಳ್ಳೋಕೆ ಕೂತ ಹಾಗಿದೆ."

ರೋಸ್ಮರಿಯೊಂದನ್ನೇ ಹಾಕಿದ್ದು ತಲೆಗೆ ಎಣ್ಣೆ ಹಚ್ಚಿಕೊಂಡು ಊಟಕ್ಕೆ ಕೂತಂತಿತ್ತು. ಅಳತೆ ಇಳಿಸಿದರೆ ರುಚಿ ಬರುತ್ತಿತ್ತು, ತಡೆಯುವ ಶಕ್ತಿ ಹೋಗುತ್ತಿತ್ತು. ಅಳತೆ ಏರಿಸಿದರೆ ಬೆಣ್ಣೆ ಉಳಿಯುತ್ತಿತ್ತು, ತಿನ್ನುವವರೇ ಉಳಿಯುತ್ತಿರಲಿಲ್ಲ. ದಿನಗಟ್ಟಲೆ ಹೀಗೇ ನಡೆಯಿತು. ಬೇರಮ್ಮ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಬರತೊಡಗಿದಳು. ಬೆಣ್ಣೆಯವರು ಇಸ್ತ್ರಿ ಮಾಡಿದ ಅಂಗಿ ತೊಡತೊಡಗಿದರು. ಮಗಳ ಕಣ್ಣಿಗೆ ಮೊದಲು ಬಿದ್ದದ್ದು ಅಂಗಿ.

ಕೊನೆಗೆ, ಒಬ್ಬರಿಂದ ಆಗದ್ದನ್ನು ಇಬ್ಬರು ಸೇರಿ ಮಾಡಬಹುದಲ್ಲ ಎಂದು ಮಗಳು ಲವಂಗ, ರೋಸ್ಮರಿ ಎರಡನ್ನೂ ನಾಲಿಗೆಗೆ ತಟ್ಟದಷ್ಟು ಕಡಿಮೆ ಹಾಕಿ ಬೆರೆಸಿ ನೋಡಿದಳು. ಬೆಣ್ಣೆಯವರೂ ಬೆಣ್ಣೆಯನ್ನು ಇನ್ನೂ ಒಂದು ಸಲ ಹೆಚ್ಚಿಗೆ ತೊಳೆದು ಮಜ್ಜಿಗೆಯ ಪಸೆ ಪೂರ್ತಿ ತೆಗೆದರು. ಆ ಬೆಣ್ಣೆ ಬಿಸಿ ಪೆಟ್ಟಿಗೆಯಲ್ಲೂ ಕೆಡದೆ ನಿಂತಿತು. ಬ್ರೆಡ್ಡಿನ ಮೇಲೆ ಸವರಿದರೆ ಮೊದಲು ಬೆಣ್ಣೆ, ಆಮೇಲೆ ಎಲ್ಲೋ ದೂರದಲ್ಲಿ ಒಂದಿಷ್ಟು ಹಸಿರು ಘಮ.

ಬೆಣ್ಣೆಯವರು ಇನ್ನೊಂದು ತುಂಡಿಗೆ ಕೈಹಾಕಿದರು. ಬೇರಮ್ಮ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡಳು. "ಪರೀಕ್ಷೆ ಮುಗೀತು, ಇನ್ನು ಊಟ" ಎಂದಳು.

ಬೇಕರಿಯವನಿಗೆ ಹೊಸ ಡಬ್ಬಿ ಹೋಯಿತು. ಬಿರುಬೇಸಿಗೆಯಲ್ಲಿ, ಒಲೆಯ ಪಕ್ಕದ ಆ ಸೆಕೆಯಲ್ಲಿ ಅದು ಹಿಂದಿನದಕ್ಕಿಂತ ಎಷ್ಟೋ ದಿನ ಹೆಚ್ಚು ಬಾಳಿತು. ಖಾಲಿ ಡಬ್ಬಿ ಹಿಡಿದು ಅವನೇ ಬಂದ. "ಇದರಲ್ಲಿ ಏನು ಹಾಕಿದ್ದೀರಿ? ನನ್ನ ಹೆಂಡತಿ ಕೇಕಿಗೂ ಬಿಡ್ತಿಲ್ಲ, ಚಮಚದಲ್ಲೇ ತಿಂತಾಳೆ" ಎಂದ. ಬೇರಮ್ಮನಿಗೆ ಅಷ್ಟೇ ಸಾಕಾಯಿತು. ಡಬ್ಬಿಯ ಮೇಲೆ 'ಸಕಲ ರೋಗಕ್ಕೂ ರಾಮಬಾಣ' ಎಂದು ಅಚ್ಚು ಹಾಕಿಸೋಣ ಎಂದು ಹೊರಟಳು.

"ಬೇಡ ಆಂಟಿ, ಬೇಡವೇ ಬೇಡ. ಬೆಣ್ಣೆ ಕೆಡೋದು ನಿಧಾನ ಆಗುತ್ತೆ. ಅದಕ್ಕಿಂತ ಒಂದಕ್ಷರ ಹೆಚ್ಚು ಬರೆದ್ರೂ ನಾನು ಈ ಬೀದೀಲಿ ಓಡಾಡಲ್ಲ."

"ಕೆಮ್ಮಿಗಾದ್ರೂ?"

"ಕೆಮ್ಮಿಗೂ ಇಲ್ಲ!"

ಇಬ್ಬರ ವಾದವನ್ನು ಕೇಳುತ್ತ ಬೆಣ್ಣೆಯವರು ಮೂಲೆಯಲ್ಲಿ ನಗುತ್ತಿದ್ದರು. ಆ ಮನೆಯಲ್ಲಿ ಅಷ್ಟು ಗಲಾಟೆ ಆಗಿ ಎಷ್ಟು ಕಾಲವಾಗಿತ್ತೋ.

ಒಂದು ಸಂಜೆ ಮಗಳು ಕಾಲೇಜಿನಿಂದ ಬಂದಾಗ ಅವರು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು.

"ಪುಟ್ಟಿ, ನಿನ್ನ ಹತ್ತಿರ ಒಂದು ಮಾತು ಕೇಳಬೇಕಿತ್ತು."

"ಕೇಳಿ ಅಪ್ಪ."

"ಏನಿಲ್ಲ. ಬೇರಮ್ಮ ಇದ್ದಾರಲ್ಲ..."

"ಇದ್ದಾರೆ."

"ಎದುರಿಗೇ ಇದ್ದಾರೆ."

"ಹೌದು, ತುಂಬಾ ವರ್ಷದಿಂದ ಎದುರಿಗೇ ಇದ್ದಾರೆ."

ಬೆಣ್ಣೆಯವರು ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಅವರ ಕಿವಿಗಳು ಕೆಂಪಾಗಿದ್ದವು. ಮಗಳಿಗೆ ಇನ್ನು ಸತಾಯಿಸುವ ಮನಸ್ಸಾಗಲಿಲ್ಲ. ಅಮ್ಮ ಹೋದಮೇಲೆ ಅಪ್ಪ ತನಗಾಗಿ ಏನನ್ನೂ ಕೇಳಿದ್ದೇ ಇಲ್ಲವೆಂಬುದು ಆಗ ಅವಳಿಗೆ ಹೊಳೆಯಿತು. ಹತ್ತಿರ ಹೋಗಿ ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ಅವರ ಹತ್ತಿರ ಕೇಳಿದ್ರಾ?"

"ನಾನೆಲ್ಲಿ ಕೇಳಲಿ? ಅವರೇ ಕೇಳಿದ್ರು. ನಾನು, ಮಗಳನ್ನ ಕೇಳಿ ಹೇಳ್ತೀನಿ ಅಂದೆ."

ಮಗಳು ನಕ್ಕ ರಭಸಕ್ಕೆ ಎದುರಿನ ಅಂಗಡಿಯ ಕಿಟಕಿ ತೆರೆಯಿತು. "ಏನಂತೆ?" ಎಂದು ಅಲ್ಲಿಂದಲೇ ಕೂಗು ಬಂತು. "ಹೂಂ ಅಂತೆ!" ಎಂದು ಮಗಳು ಕೂಗಿದಳು. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು.

ಮದುವೆ ಒಂದು ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರಳವಾಗಿ ನಡೆಯಿತು. ಕೆನೆ ಕಾಯುವುದಿಲ್ಲವಲ್ಲ, ಮಧ್ಯಾಹ್ನಕ್ಕೆ ಮೂವರೂ ಕೆಲಸದ ಕೋಣೆಯಲ್ಲಿದ್ದರು. ಮಗಳಿಗೆ ಮಾತ್ರ ಒಂದು ಪೀಕಲಾಟ ಶುರುವಾಗಿತ್ತು.

"ಇನ್ನು ನಿಮ್ಮನ್ನ ಏನಂತ ಕರೀಲಿ? ಆಂಟಿ ಅಂದ್ರೆ ದೂರ ಆಗುತ್ತೆ. ಅಮ್ಮ ಅನ್ನೋಕೆ ಇನ್ನೂ ನಾಲಿಗೆ ಏಳ್ತಿಲ್ಲ."

"ಅದು ಏಳಬೇಕಾಗೂ ಇಲ್ಲ, ಅವರ ಜಾಗ ಅವರಿಗೇ ಇರಲಿ" ಎಂದಳು ಬೇರಮ್ಮ, ಬೆಣ್ಣೆ ನಾದುತ್ತ. ಉಪ್ಪಿಗೆ ಕೈಹಾಕಿದಳು. "ಚಿಕ್ಕಮ್ಮ ಅನ್ನು. ಈ ವಯಸ್ಸಿನಲ್ಲಿ ನನ್ನನ್ನ ಚಿಕ್ಕವಳು ಅನ್ನೋರು ಇನ್ಯಾರು ಸಿಗ್ತಾರೆ?"

"ಸರಿ ಚಿಕ್ಕಮ್ಮ. ಉಪ್ಪು ಜಾಸ್ತಿ ಹಾಕ್ತಿದ್ದೀರಿ."

"ಇಲ್ಲ, ಸರಿಯಾಗೇ ಇದೆ" ಎಂದರು ಬೆಣ್ಣೆಯವರು, ರುಚಿಯನ್ನೇ ನೋಡದೆ.