ಮನೆ ಬೀಳುವ ಮೊದಲೇ ಬಂದ ಸುದ್ದಿ

ವರದಿಗಾರ್ತಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮೊಬೈಲಿನಲ್ಲಿ ತನ್ನ ಹೆಸರಿನ ಸುದ್ದಿಯನ್ನು ಓದಿದಳು. ಓದಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಉರಿದುಹೋಯಿತು. ‘ನಗುನಗುತ್ತಾ ಮನೆ ಕೀಲಿ ಒಪ್ಪಿಸಿದ ಹಳೇ ಓಣಿ ಜನ’ ಎಂದು ದಪ್ಪಕ್ಷರದ ತಲೆಬರಹ. ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಹಲ್ಲು ಕಿರಿದ ಅವಳದೇ ಫೋಟೊ. ಹೊಸ ರಸ್ತೆಗಾಗಿ ಓಣಿಯವರು ಈ ಬೆಳಿಗ್ಗೆ ತಾವಾಗಿಯೇ ಮನೆ ಖಾಲಿ ಮಾಡಿದರಂತೆ. ಮಂತ್ರಿಗಳು ಕೈಮುಗಿದರಂತೆ. ಹಿರಿಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, ‘ಮಕ್ಕಳ ಭವಿಷ್ಯಕ್ಕಾಗಿ ನಮ್ಮ ಮನೆ ಹೋದರೆ ಹೋಗಲಿ’ ಅಂದಳಂತೆ.

ಇದರಲ್ಲಿ ಒಂದಕ್ಷರವನ್ನೂ ಅವಳು ಬರೆದಿರಲಿಲ್ಲ. ಅಂಥದ್ದು ನಡೆದೂ ಇರಲಿಲ್ಲ. ನಡೆದಿದ್ದರೆ ಅವಳ ಕಿವಿಗೆ ಮೊದಲು ಬೀಳುತ್ತಿತ್ತು, ಯಾಕೆಂದರೆ ಅವಳ ದೊಡ್ಡಮ್ಮನ ಮನೆ ಇದ್ದದ್ದು ಅದೇ ಓಣಿಯಲ್ಲಿ. ತಾಯಿ ಸತ್ತ ಮೇಲೆ ಹೊಲಿಗೆ ಮಷಿನ್ನು ತುಳಿದು ತುಳಿದು ಅವಳನ್ನು ಓದಿಸಿದ ದೊಡ್ಡಮ್ಮ. ಮನೆಯವರ ಒಪ್ಪಿಗೆ ಇಲ್ಲದೆ ಒಂದು ಇಟ್ಟಿಗೆಯನ್ನೂ ಮುಟ್ಟಕೂಡದೆಂದು ನ್ಯಾಯಾಲಯ ಹೇಳಿತ್ತು. ಆ ಧೈರ್ಯದ ಮೇಲೆ ಓಣಿಯವರು ಜಪ್ಪಯ್ಯ ಅಂದರೂ ಒಪ್ಪದೆ ಕೂತಿದ್ದರು.

ಕಚೇರಿಗೆ ಹೋದವಳೇ ಗಾಜಿನ ಬಾಗಿಲು ತಳ್ಳಿಕೊಂಡು ಸಂಪಾದಕನ ಮುಂದೆ ಮೊಬೈಲ್ ಹಿಡಿದಳು.

“ಏನ್ಸಾರ್ ಇದು?”

“ಓ, ಅದಾ? ನಾಳೆ ಹೋಗ್ಬೇಕಾಗಿದ್ದು ಇವತ್ತೇ ಹೋಗ್ಬಿಟ್ಟಿದೆ ಕಣಮ್ಮ. ತಾರೀಕು ಹಾಕೋದ್ರಲ್ಲಿ ಎಡವಟ್ಟು,” ಎಂದ ಸಂಪಾದಕ, ಚಹಾಕ್ಕೆ ಸಕ್ಕರೆ ಜಾಸ್ತಿಯಾಯಿತು ಎನ್ನುವಷ್ಟು ಸಲೀಸಾಗಿ.

ಆ ಕಚೇರಿಯಲ್ಲಿ ‘ಸಿದ್ಧಸುದ್ದಿ’ ಎಂಬುದೊಂದು ಪದ್ಧತಿ. ಮಂತ್ರಿಗಳ ಪ್ರಚಾರದವರು ಕಾರ್ಯಕ್ರಮಕ್ಕೆ ಮೊದಲೇ, ಎಲ್ಲ ಆಗಿಹೋದಂತೆ ವರದಿ ಬರೆದು ಕಳಿಸುತ್ತಿದ್ದರು. ಚಪ್ಪಾಳೆ, ಕಣ್ಣೀರು, ಜೈಕಾರ ಎಲ್ಲ ಅದರೊಳಗೇ. ಇವರು ಅದಕ್ಕೆ ಯಾರದಾದರೂ ಹೆಸರು ಅಂಟಿಸಿ, ದಿನ ಗಂಟೆ ಗೊತ್ತುಮಾಡಿ ಕಂಪ್ಯೂಟರಿಗೆ ತುಂಬಿಡುತ್ತಿದ್ದರು. ಹೊತ್ತಾದೊಡನೆ ಅದು ತನ್ನಷ್ಟಕ್ಕೆ ಲಕ್ಷಾಂತರ ಮೊಬೈಲುಗಳಿಗೆ ಹಾರುತ್ತಿತ್ತು. ಮಂತ್ರಿ ವೇದಿಕೆ ಹತ್ತಿ ಕೆಮ್ಮುವ ಮೊದಲೇ ಜನ ಅವರ ಭಾಷಣವನ್ನು ಓದಿ ಮೆಚ್ಚಿಯಾಗಿರುತ್ತಿತ್ತು. ಇದಕ್ಕೆ ಪತ್ರಿಕೋದ್ಯಮ ಎಂಬ ದೊಡ್ಡ ಹೆಸರು ಬೇರೆ! ಅಡುಗೆ ಭಟ್ಟರಿಗೂ ಇವರಿಗಿಂತ ಮಾನ ಇರುತ್ತದೆ, ಅವರು ನೆಂಟರು ಬಂದು ಕೂತ ಮೇಲಾದರೂ ಬಡಿಸುತ್ತಾರೆ.

“ನಾಳೆ ಹೋಗಿದ್ರೂ ಅದು ಸುಳ್ಳೇ ತಾನೆ? ಮೊದ್ಲು ತೆಗೀರಿ ಅದನ್ನ. ನನ್ನ ಹೆಸರು ಹಾಕಿ ಅಂತ ಯಾರು ಹೇಳಿದ್ದು ನಿಮ್ಗೆ?”

“ನೀನು ಆ ಓಣಿ ಹುಡುಗಿ, ನಿನ್ನ ಹೆಸರಿದ್ರೆ ಜನ ನಂಬ್ತಾರೆ. ಸೇತುವೆ ಉದ್ಘಾಟನೆಗೆ ಹಾಕ್ದಾಗ ತೆಪ್ಪಗಿದ್ದೆ. ಈಗೇನು ಬಂತು?”

ಆಗ ತೆಪ್ಪಗಿದ್ದಳು, ನಿಜ. ರಿಬ್ಬನ್ನು ಕತ್ತರಿಸಿದ ಸುದ್ದಿಯಿಂದ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡಿದ್ದಳು. ಆ ನೆನಪಿಗೆ ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

“ಮಂತ್ರಿಗಳ ಕಡೆಯೋರಿಗೆ ಫೋನ್ ಮಾಡಿದ್ದೆ,” ಎಂದು ಸಂಪಾದಕ ಮುಂದುವರಿಸಿದ. “ಸುದ್ದಿ ವಾಪಸ್ ತಗೊಂಡ್ರೆ ಸಾಹೇಬ್ರ ಮರ್ಯಾದೆ ಹೋಗುತ್ತೆ ಅಂದ್ರು. ಅದಕ್ಕೆ ಮನೆ ಕೆಡವೋ ಕೆಲಸಾನೇ ಇವತ್ತಿಗೆ ತಂದಿದ್ದಾರೆ. ಸುದ್ದಿ ಆಗಿದೆ, ನಡೆಯೋದೊಂದು ಬಾಕಿ. ಕ್ಯಾಮೆರಾದವನನ್ನ ಕರ್ಕೊಂಡು ಹೋಗಿ, ಆ ಭವಿಷ್ಯದ ಡೈಲಾಗು ನಿಮ್ಮ ದೊಡ್ಡಮ್ಮನ ಬಾಯಲ್ಲೇ ಹೇಳಿಸ್ಕೊಂಡು ಬಾ. ಚೆನ್ನಾಗಿರುತ್ತೆ.”

“ನಿಮ್ಮ ಜನ್ಮಕ್ಕಿಷ್ಟು!” ಎಂದಳು ಅವಳು. ಹೊರಗೆ ಸಾಲಾಗಿ ಕೂತಿದ್ದ ತಲೆಗಳೆಲ್ಲ ಒಮ್ಮೆ ಮೇಲೆದ್ದವು, ಮತ್ತೆ ಪರದೆಗೆ ಬಗ್ಗಿದವು. ಅವಳು ಮೆಟ್ಟಿಲಿಳಿದು ಓಡಿದಳು. ಎಲ್ಲರೂ ಗಡ್ಡ ಎಂದೇ ಕರೆಯುತ್ತಿದ್ದ ಕ್ಯಾಮೆರಾದವನು ಏನೂ ಕೇಳದೆ ಗಾಡಿ ತೆಗೆದ.

ಓಣಿಯ ಬಾಯಲ್ಲಿ ಹಳದಿ ಯಂತ್ರ ಬಂದು ನಿಂತಿತ್ತು. ಅವಳು ಹೊಡೆದಾಟ, ಕೂಗಾಟ, ಪೊಲೀಸರ ಲಾಠಿ ಎಲ್ಲ ಊಹಿಸಿಕೊಂಡು ಬಂದಿದ್ದಳು. ಅಲ್ಲಿ ಅದೇನೂ ಇರಲಿಲ್ಲ. ಜನ ತಮ್ಮ ಪಾಡಿಗೆ ತಾವು ಹಾಸಿಗೆ ಸುತ್ತುತ್ತಿದ್ದರು, ಒಲೆಯ ಪೈಪು ಬಿಚ್ಚುತ್ತಿದ್ದರು. ಇಸ್ತ್ರಿಯವನು ತನ್ನ ಮೇಜನ್ನು ತಲೆಕೆಳಗು ಮಾಡಿ ಕೈಗಾಡಿಗೆ ಕಟ್ಟುತ್ತಿದ್ದ. ಯಾರೂ ಯಾರನ್ನೂ ದಬ್ಬುತ್ತಿರಲಿಲ್ಲ. ಅದನ್ನು ಕಂಡೇ ಅವಳು ದೊಡ್ಡಮ್ಮನ ಮನೆಯತ್ತ ಓಡಿದಳು.

ದೊಡ್ಡಮ್ಮ ಬೀಗ ಹಾಕಿದ ಬಾಗಿಲ ಮುಂದೆ, ಹೊಲಿಗೆ ಮಷಿನ್ನಿಗೆ ಹಳೇ ಹೊದಿಕೆ ಸುತ್ತುತ್ತಿದ್ದಳು.

“ಬಂದ್ಯಾ? ಆ ಕಡೆ ಹಿಡ್ಕೋ, ಭಾರ ಇದೆ.”

“ಯಾರು ಖಾಲಿ ಮಾಡಿ ಅಂದಿದ್ದು ದೊಡ್ಡಮ್ಮ? ಕೋರ್ಟು ಹೇಳಿದ್ದು ಮರ್ತೇ ಹೋಯ್ತಾ?”

“ನೀನೇ ಬರ್ದಿದ್ದೀಯಲ್ಲೇ! ಪಕ್ಕದ ಮನೆಯವ್ಳು ಓದಿ ಹೇಳಿದ್ಲು, ಎಲ್ರೂ ಕೀಲಿ ಕೊಟ್ಟಾಯ್ತು ಅಂತ. ಮೇಲಿನ ಸಾಲಿನೋರು ಕೊಟ್ಟಿರ್ಬೇಕು ಅಂದ್ಕೊಂಡು ನಾವು ಕೊಟ್ವಿ. ನಾವು ಕೊಟ್ಟಿದ್ದು ನೋಡಿ ಅವ್ರು ಕೊಟ್ರು. ಬೇರೆ ಯಾರಾದ್ರೂ ಬರ್ದಿದ್ರೆ ನನ್ನ ಚಪ್ಪಲಿಗೆ ಸಮ ಅಂತಿದ್ದೆ. ನಮ್ಮ ಹುಡುಗಿ ಸುಳ್ಳು ಬರೆಯಲ್ಲ ಅಂತ ಮನೆಮನೆಗೂ ಹೋಗಿ ಹೇಳಿದೋಳು ನಾನೇ.”

ಬುಲ್ಡೋಜರ್ ಮಾಡಲಾಗದ ಕೆಲಸವನ್ನು ವರದಿಗಾರ್ತಿಯ ಹೆಸರು ಮಾಡಿ ಮುಗಿಸಿತ್ತು. ಅವಳು ಸೀದಾ ಯಂತ್ರದ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಎಂಜಿನಿಯರನ ಬಳಿ ಹೋದಳು. ಅವನ ಹೆಗಲಲ್ಲಿ ಕೀಲಿ ತುಂಬಿದ ಬಟ್ಟೆಚೀಲ ಜೋತಾಡುತ್ತಿತ್ತು.

“ಇವ್ರು ಯಾರೂ ಒಪ್ಪಿಲ್ಲ. ಆ ಸುದ್ದಿ ಸುಳ್ಳು. ಕೀಲಿ ವಾಪಸ್ ಕೊಡಿ.”

“ತಮಾಷೆ ಮಾಡ್ತೀರಾ ಮೇಡಂ? ಒಪ್ಪಿಗೆಗೆ ಸಾಕ್ಷಿ ಅಂತ ನಿಮ್ಮ ವರದೀನೇ ಫೈಲಿಗೆ ಹಚ್ಚಿದ್ದೀವಿ,” ಎಂದು ಅವನು ನಕ್ಕ.

ಆ ನಗು ನೋಡಿ ಅವಳ ಪಿತ್ತ ನೆತ್ತಿಗೇರಿತು. ಚೀಲವನ್ನು ಅವನ ಹೆಗಲಿಂದ ಕಿತ್ತು, ನಡುರಸ್ತೆಯಲ್ಲಿ ಬೋರಲು ಮಾಡಿದಳು. ಕೀಲಿಗಳು ಝಲ್ಲೆಂದು ಚೆಲ್ಲಿದವು.

“ಬನ್ನಿ, ನಿಮ್ಮ ನಿಮ್ಮ ಕೀಲಿ ತಗೊಳ್ಳಿ! ಅದನ್ನ ನಾನು ಬರೆದಿಲ್ಲ. ಕಳ್ಳರು ಅವ್ರು, ನನ್ನ ಹೆಸರು ಹಾಕ್ಕೊಂಡಿದ್ದಾರೆ. ನಿಮ್ಮನೆ ನಿಮ್ದೇ! ಬನ್ನಿ!”

ಯಾರೂ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ತ್ರಿಯವನು ಜೇಬಿನಿಂದ ಮೊಬೈಲ್ ತೆಗೆದು, ಬೆರಳಿನಿಂದ ಎಳೆದು ನೋಡಿದ.

“ಇದ್ರಲ್ಲಿ ಇನ್ನೂ ಹಾಗೇ ಇದೆಯಲ್ಲಮ್ಮ. ನಿನ್ನ ಫೋಟೊನೂ ಇದೆ.”

“ಫೋಟೊ ನಂದು, ಮಾತು ನಂದಲ್ಲ ಅಣ್ಣ. ನನ್ನ ನಂಬು.”

“ನಂಬೇ ತಾನೆ ಗಂಟು ಕಟ್ಟಿದ್ದು?” ಅವನ ದನಿಯೂ ಏರಿತು. “ಇಷ್ಟು ವರ್ಷ ಓದ್ಕೊಂಡು ಬಂದಿದ್ದೀವಲ್ಲ, ಅದ್ರಲ್ಲಿ ನೀನು ಬರ್ದಿದ್ದು ಯಾವ್ದು, ಬರೀದೇ ಇದ್ದಿದ್ದು ಯಾವ್ದು? ಈಗ ಹೇಳು.”

ಅವಳು ಕ್ಯಾಮೆರಾದತ್ತ ತಿರುಗಿದಳು. ಗಡ್ಡ ಕ್ಯಾಮೆರಾ ಹಿಡಿದೇ ಇದ್ದ. ಆದರೆ ಅವನು ಕಳಿಸುತ್ತಿದ್ದ ನೇರ ಪ್ರಸಾರವನ್ನು ಕಚೇರಿಯವರು ಆಗಲೇ ಕತ್ತರಿಸಿದ್ದರು.

ಆಗ ದೊಡ್ಡಮ್ಮ ಬಂದಳು. ಮಂಡಿ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತು, ರಾಶಿಯೊಳಗೆ ಕೈಯಾಡಿಸಿ ತನ್ನ ಕೀಲಿಯನ್ನು ಹೆಕ್ಕಿದಳು. ಎಂಜಿನಿಯರ್ ಅಡ್ಡ ಬಂದ.

“ಸರೀರಿ ಆಕಡೆ,” ಎಂದಳು. ಅವನು ಸರಿದ.

ಬೀಗ ತೆಗೆದು, ಮಷಿನ್ನನ್ನು ಒಬ್ಬಳೇ ಎಳೆದುಕೊಂಡು ಒಳಗೆ ಹೋದಳು. ವರದಿಗಾರ್ತಿ ಹಿಂದೆಯೇ ಓಡಿದಳು. ಅವಳು ಹೊಸ್ತಿಲು ಮುಟ್ಟುವಷ್ಟರಲ್ಲಿ ಬಾಗಿಲು ಮುಚ್ಚಿತ್ತು, ಒಳಗಿನಿಂದ ಚಿಲಕ ಬಿದ್ದಿತ್ತು. ಹಿಂದುಗಡೆ ಯಂತ್ರ ಗುರ್ರೆಂದು ಚಾಲೂ ಆಯಿತು.

“ದೊಡ್ಡಮ್ಮಾ, ನನ್ನೂ ಒಳಗೆ ಬಿಡು. ನಿನ್ ಜೊತೆ ಇರ್ತೀನಿ. ಬಾಗ್ಲು ತೆಗಿ!” ಎಂದು ಎರಡೂ ಕೈಯಿಂದ ಬಡಿದಳು.

“ಕೀಲಿ ನಾನು ವಾಪಸ್ ತಂದ್ಕೊಂಡೆ,” ಎಂದಳು ದೊಡ್ಡಮ್ಮ ಒಳಗಿನಿಂದ. “ಹೋಗು, ನೀನು ಹೋಗಿ ನಿನ್ನ ಹೆಸರು ತಗೊಂಡು ಬಾ.”